ಹರತಾಳ ಕುಡಿದ ಶಿವ

ಸೀಗಿಹುಣ್ಣಿಮೆ ಮುಗಿದು, ಬೆಳಗಿನ ಹೊತ್ತು ಮೈಗೆ ಕಂಬಳಿ ಬೇಕೆನಿಸುತ್ತಿದ್ದ ದಿನಗಳು. ಆ ವರ್ಷ ದೀಪಾವಳಿಯ ಜೊತೆಗೇ ಕನ್ನಡ ನಾಡು ಒಂದಾಗುವ ದಿನವೂ ಬರುವುದಿತ್ತು. ಬಿಸಿಲು ಕಿಟಕಿಯಿಂದ ಇಳಿದು ಮಗ್ಗದ ಕುಣಿಯನ್ನು ಮುಟ್ಟುವ ಹೊತ್ತಿಗೆ, ಬೆಟಗೇರಿಯ ನೇಕಾರ ಉಳವಪ್ಪನ ಮನೆಗೆ ಇಬ್ಬರು ಬಂದರು. ಒಬ್ಬ ಕಿರಾಣಿ ಅಂಗಡಿಯ ದೇವಪ್ಪ, ಆ ದಿನದ ಮೆರವಣಿಗೆಗೆ ಓಣಿಯ ಹಿರಿಯ. ಇನ್ನೊಬ್ಬ ಚಿತ್ರ ಬರೆಯುವ ಇಸ್ಮಾಯಿಲಸಾಬ.

ದೇವಪ್ಪ ಉಳವಪ್ಪನ ಮುಖವನ್ನು ಕುಂಬಳಕಾಯಿ ಕೊಳ್ಳುವವನಂತೆ ಆ ಕಡೆಯಿಂದ, ಈ ಕಡೆಯಿಂದ ನೋಡಿದ.

"ಸಾಬ್ರ, ಇದ ಮುಖ ನೋಡ್ರಿ ನಮಗ ಬೇಕಾಗಿದ್ದು," ಎಂದ.

"ಯಾಕ, ನನ್ನ ಮುಖಕ್ಕ ಏನಾಗೇತಿ?" ಎಂದ ಉಳವಪ್ಪ.

"ಬಂಡಿ ಮ್ಯಾಲ ಕಟ್ಟಾಕ ಅರಿವಿ ಮ್ಯಾಲ ಚಿತ್ರ ಬರಸಾಕತ್ತೇವಿ. ಉಳಿದ ಓಣಿಯವರೆಲ್ಲ ದೇವಿ ಬರಸ್ಯಾರ. ನಾವು ಸಮುದ್ರ ಕಡಿಯೋದು ಬರಸೋಣು. ಆ ಕಡಿ ಒಬ್ರು ಎಳದ್ರು, ಈ ಕಡಿ ಒಬ್ರು ಎಳದ್ರು. ಮೊದಲ ಬಂದಿದ್ದು ವಿಷ, ಆಮ್ಯಾಲ ಅಮೃತ. ನಮ್ಮ ಏಕೀಕರಣನೂ ಹಂಗ ಆತಿಲ್ಲೊ? ನಡುವ ಶಿವ ಕುಂತು ವಿಷ ಕುಡಿಯಾಕತ್ತಿರಬೇಕು. ಪಂಚಮಿಯಿಂದ ನಿನ್ನ ಮುಖ ಅದನ್ನ ನುಂಗಿದಂಗನ ಐತಿ."

ಉಳವಪ್ಪ ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದ. ದೇವಪ್ಪನ ಮಾತು ಸುಳ್ಳಲ್ಲ. ನಾಗರಪಂಚಮಿಗೆ ಬೆಳ್ಳಟ್ಟಿಯಿಂದ ಅಣ್ಣ ದ್ಯಾಮಪ್ಪ ಬಂದು ತವರಿಗೆ ಕರೆದೊಯ್ಯುವನೆಂದು ಹೆಂಡತಿ ಫಕ್ಕೀರವ್ವ ಸೀರೆ ಗಂಟು ಕಟ್ಟಿ ಕೂತಿದ್ದಳು. ಅಣ್ಣ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಹೋಗಿ ಜೋಕಾಲಿ ಆಡಿ ಬಂದರು. ಆಗ ಉಳವಪ್ಪ, "ನಿಮ್ಮಣ್ಣ ನಿನ್ನ ಮರತಾನ ಬಿಡು," ಎಂದುಬಿಟ್ಟ. ಅಂದು ಬಾಯಿ ಮುಚ್ಚಿದವಳು ಗಂಡನ ಮುಂದೆ ತೆರೆದಿರಲಿಲ್ಲ. ಹೇಳುವುದಿದ್ದರೆ ಮನೆಯ ಬೆಕ್ಕಿಗೆ ಹೇಳುತ್ತಿದ್ದಳು. "ರೊಟ್ಟಿ ಆಗ್ಯಾವ," ಎಂದು ಬೆಕ್ಕಿಗೆ ಹೇಳಿದರೆ ಉಳವಪ್ಪ ಕೈ ತೊಳೆಯುವನು. "ಎಣ್ಣಿ ತೀರೇತಿ," ಎಂದರೆ ದೇವಪ್ಪನ ಅಂಗಡಿಗೆ ಹೋಗುವನು. ಬೆಕ್ಕೂ ಈಚೆಗೆ ಅವನನ್ನು ಕೆಳಗಿನವನಂತೆ ನೋಡುತ್ತಿತ್ತು.

ಓಣಿಯವರು ಇದಕ್ಕೆ ಹರತಾಳ ಎಂದು ಹೆಸರಿಟ್ಟಿದ್ದರು. ಬ್ರಿಟಿಷರ ಕಾಲದಲ್ಲಿ ಒಮ್ಮೆ, ಏಕೀಕರಣಕ್ಕೆಂದು ಮತ್ತೊಮ್ಮೆ ಅಂಗಡಿ ಮುಚ್ಚಿ ಮುಚ್ಚಿ ಅವರಿಗೆ ಆ ಮಾತು ಬಾಯಿಗೆ ಕೂತಿತ್ತು. "ಏನೋ ಉಳವಪ್ಪ, ಹರತಾಳ ಮುಗೀತೇನು?" ಎಂದು ಹೋಗುವವರು ಬರುವವರೆಲ್ಲ ಕೇಳುವರು. ಒಳಗೆ ಅದು ಫಕ್ಕೀರವ್ವನಿಗೂ ಕೇಳುವುದು. ಆಗ ಅವಳು ಕದವನ್ನು ದಡಾರನೆ ಮುಚ್ಚುವಳು.

ಶಿವನಾದರೆ ಹೆಂಡತಿ ಒಂದು ಸಲವಾದರೂ ನೋಡಿ ನಕ್ಕಾಳು, ನಕ್ಕವಳು ಮಾತಾಡಿಯಾಳು ಎಂಬ ಆಸೆಯಿಂದ ಉಳವಪ್ಪ ಒಪ್ಪಿದ.

ಇಸ್ಮಾಯಿಲಸಾಬ ಅವನನ್ನು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂರಿಸಿದ. ಮೈಗೆಲ್ಲ ಬೂದಿ ಬಳಿದ. ಮಗ್ಗದಲ್ಲಿ ಉಳಿದ ಕರಿ ನೂಲಿನಿಂದ ಜಡೆ ಮಾಡಿ ತಲೆಗೆ ಕಟ್ಟಿದ. ಕೊರಳಿಗೆ ಹಾವಿನ ಬದಲು ಬಾವಿಯ ಹಗ್ಗ ಸುತ್ತಿದ. ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಗಂಟಲ ತುಂಬ ಹಚ್ಚಿದ. ಮನೆಯ ಎರಡು ಹಿತ್ತಾಳೆ ಬಟ್ಟಲಲ್ಲಿ ಒಂದನ್ನು ಶಿವನ ಕೈಗೆ ಕೊಟ್ಟ. ಇನ್ನೊಂದರಲ್ಲಿ ಹಳದಿ ಕಲ್ಲೊಂದನ್ನು ಅರೆದು ಗೋಂದು ಬೆರೆಸಿದ.

"ಇದನ್ನ ಮುಟ್ಟಬ್ಯಾಡ ತಮ್ಮಾ," ಎಂದ. "ಇದು ಹರತಾಳ."

"ನನಗ ಈ ಮನ್ಯಾಗ ಹರತಾಳ ಹೊಸದಲ್ಲ ಚಾಚಾ."

"ಆ ಹರತಾಳಲ್ಲೊ. ಇದು ಬಣ್ಣದ ಕಲ್ಲು. ಹುಲಿ ಚರ್ಮಕ್ಕ ಇದರಂಥ ಹಳದಿ ಬ್ಯಾರೆ ಇಲ್ಲ. ಲಕ್ಷ್ಮೇಶ್ವರದ ಒಂದು ವಾಡೇದಾಗ ನಮ್ಮಜ್ಜನ ಅಜ್ಜ ಬರೆದ ಹುಲಿ ಐತಿ. ಜಂತಿ ಗೆದ್ದಲ ತಿಂತು, ಬಾಗಲಾ ಗೆದ್ದಲ ತಿಂತು, ಹುಲಿಗೆ ಮಾತ್ರ ಯಾವ ಹುಳಾನೂ ಬಾಯಿ ಹಚ್ಚಲಿಲ್ಲ. ಯಾಕ? ಇದು ವಿಷ. ಇದರಾಗ ಅದ್ದಿದ ಬೆರಳು ನೆಕ್ಕಬಾರದು ಅಂತ ನಮ್ಮಜ್ಜ ನನಗ ಹೊಡದು ಕಲಿಸ್ಯಾನು. ಹೂಂ, ಮ್ಯಾಲ ನೋಡು. ಕೈಲಾಸ ಅಲ್ಲೈತಿ. ಕಣ್ಣ ಕೆಳಗ ಇಳಿಸಬ್ಯಾಡ."

ಉಳವಪ್ಪ ಜಂತಿಯನ್ನು ನೋಡುತ್ತ ಕೂತ. ಕೈಲಾಸದಲ್ಲಿ ಎರಡು ಜೇಡರ ಬಲೆಗಳಿದ್ದವು. ಬಿಸಿಲು ಏರಿತು. ಕೈ ಸೋತಾಗ ಬಟ್ಟಲನ್ನು ಕೆಳಗಿಡುವನು, ಸಾಬ ಗದರಿಸಿದಾಗ ಎತ್ತುವನು. ಬೂದಿ ಬಳಿದ ಮೈ ಒಲೆಯ ಮೇಲಿನ ಹಂಚಿನಂತೆ ಕಾಯತೊಡಗಿತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು. ಫಕ್ಕೀರವ್ವ ಒಂದು ಸಲ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದು ಪಡಸಾಲೆ ದಾಟಿದಳು, ಹಾಗೆಯೇ ಹಿಂದಿರುಗಿದಳು. ಅವಳ ಹಿಂದೆ ಬೆಕ್ಕು. ಇಸ್ಮಾಯಿಲಸಾಬ ಅರಿವೆಯ ಮೇಲೆ ಶಿವನ ಗಂಟಲನ್ನು ನೀಲಿ ಮಾಡುವುದರಲ್ಲಿ ಮುಳುಗಿದ್ದ. ಶಿವನೋ ಜೇಡರ ಹುಳುವನ್ನು ನೋಡುತ್ತಿದ್ದ.

ಕಡೆಗೆ ತಡೆಯಲಾರದೆ ಉಳವಪ್ಪ ಕಣ್ಣಿಳಿಸದೆಯೇ ಕೈಯಾಡಿಸಿದ. ಒಂದು ಬಟ್ಟಲು ಸಿಕ್ಕಿತು. ತಣ್ಣಗಿತ್ತು, ತುಂಬಿತ್ತು. ಒಂದೇ ಉಸಿರಿಗೆ ಕುಡಿದುಬಿಟ್ಟ.

"ಚಾಚಾ, ನೀವು ಕುಂಚ ಅದ್ದೂ ನೀರು ಇಷ್ಟ್ಯಾಕ ಸಿಹಿ ಐತಿ?"

ಇಸ್ಮಾಯಿಲಸಾಬ ತಿರುಗಿ ನೋಡಿದ. ಒಂದು ಬಟ್ಟಲು ಶಿವನ ಕೈಯಲ್ಲಿ, ಖಾಲಿ. ಇನ್ನೊಂದು ಚಾಪೆಯ ಮೇಲೆ, ಅದೂ ಖಾಲಿ. ಬೆಳಿಗ್ಗೆ ಅರೆದ ಹಳದಿ ಎಲ್ಲೂ ಇಲ್ಲ.

"ಯಾ ಅಲ್ಲಾ, ಹರತಾಳ," ಎಂದು ಅವನು ಕಟ್ಟೆಗೆ ಓಡಿದ. "ಓಣಿಯವರ, ಬರ್ರಿ, ಉಳವಪ್ಪನ ಮನ್ಯಾಗ ಹರತಾಳ..."

ಮಗ್ಗುಲ ಮನೆಯ ಸಿದ್ದಲಿಂಗವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ನಿಲ್ಲಿಸಲಿಲ್ಲ. "ಅದು ಪಂಚಮಿಯಿಂದ ನಡದೈತಲ್ಲೋ ಸಾಬಣ್ಣ. ಇವತ್ತ್ಯಾಕ ಒದರಾಕತ್ತಿ?" ಎಂದಳು.

ಅತ್ತ ಮಾತು ಅರ್ಧ ಕಿವಿಗೆ ಬಿದ್ದ ದೇವಪ್ಪ ಅಂಗಡಿಯ ಹಲಗೆಗಳನ್ನು ಗಡಿಬಿಡಿಯಿಂದ ಹಾಕತೊಡಗಿದ. "ಯಾರ ಕರೆ ಕೊಟ್ಟಾರ? ನನಗ ಖಬರನ ಇಲ್ಲಲ್ಲ," ಎಂದು ಕೇಳಿದ. ಒಳಗಿದ್ದ ಫಕ್ಕೀರವ್ವನಿಗೂ ಆ ಒಂದೇ ಮಾತು ಕೇಳಿಸಿತು. ಈ ಮುದುಕನೂ ಅಣಕಿಸಲು ಕಲಿತನೇ ಎಂದು ಅವಳು ಕದವನ್ನು ದಡಾರನೆ ಮುಚ್ಚಿ ಅಗಳಿ ಹಾಕಿದಳು.

ಬಣ್ಣದ ಹರತಾಳ ಬೇರೆ, ಅದು ವಿಷ, ಅದನ್ನು ಉಳವಪ್ಪ ಕುಡಿದಿದ್ದಾನೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಇಸ್ಮಾಯಿಲಸಾಬನ ಧ್ವನಿಯೇ ಹೋಯಿತು. ಆಮೇಲೆ ಓಣಿಗೆ ಓಣಿಯೇ ಪಡಸಾಲೆಯಲ್ಲಿತ್ತು.

"ಮೊದಲ ಬೇವು ತಿನಸ್ರಿ," ಎಂದ ದೇವಪ್ಪ. "ಕಹಿ ಹತ್ತಿದ್ರ ವಿಷ ಇನ್ನೂ ಏರಿಲ್ಲ. ಹತ್ತಲಿಲ್ಲಂದ್ರ ಏರೇತಿ."

ಅದು ಹಾವು ಕಚ್ಚಿದವರಿಗೆ ಮಾಡುವ ಪರೀಕ್ಷೆ. ಆದರೆ ವಿಷವೆಂದ ಮೇಲೆ ಎಲ್ಲ ಒಂದೇ ಎಂದು ಯಾರೂ ಎದುರಾಡಲಿಲ್ಲ. ಸಿದ್ದಲಿಂಗವ್ವ ಓಡಿಹೋಗಿ ಹಿತ್ತಲಿಂದ ಒಂದು ಹಿಡಿ ಎಲೆ ಹರಿದು ತಂದು ಅವನ ಬಾಯಿಗೆ ತುರುಕಿದಳು. ಉಳವಪ್ಪ ಅಗಿದ. ಎಲ್ಲರೂ ಅವನ ಬಾಯನ್ನೇ ನೋಡಿದರು.

"ಕಹಿ ಐತೇನೊ?"

"ಇಲ್ಲ," ಎಂದ ಉಳವಪ್ಪ. ಅವನ ಕಣ್ಣು ತುಂಬಿ ಬಂತು. "ಒಗ್ಗರಣಿ ವಾಸನಿ ಬರಾಕತ್ತೈತಿ."

"ಮುಗೀತು," ಎಂದ ದೇವಪ್ಪ.

ಹಿತ್ತಲಲ್ಲಿ ಬೇವಿನ ಮರಕ್ಕಿಂತ ಕರಿಬೇವಿನ ಗಿಡ ಹತ್ತಿರವಿತ್ತು ಎಂಬುದು ಸಿದ್ದಲಿಂಗವ್ವನಿಗೆ ಆಗಲೇ ಹೊಳೆಯಿತು. ಇಷ್ಟು ಜನರ ಮುಂದೆ ಹೇಳುವುದು ಹೇಗೆಂದು ಸೆರಗು ಬಾಯಿಗೆ ಹಿಡಿದು ನಿಂತಳು. ಆಕೆ ಅಳುತ್ತಿದ್ದಾಳೆಂದು ತಿಳಿದು ಇನ್ನಿಬ್ಬರು ಅತ್ತರು.

ಆಮೇಲೆ ವಾಂತಿ ಆಗಲೆಂದು ಅಂಟವಾಳಕಾಯಿಯ ನೀರು ಕುಡಿಸಿದರು. ವಾಂತಿ ಆಗಲಿಲ್ಲ. ಬಾಯಿ ತುಂಬ ನೊರೆ ಬಂತು. ತಡವಾಗಿ ಬಂದವರಿಗೆ ಕಂಡದ್ದು ಮೈಯೆಲ್ಲ ಬಿಳಿಚಿ, ಗಂಟಲು ನೀಲಿಯಾಗಿ, ಬಾಯಲ್ಲಿ ನೊರೆ ಬಿಟ್ಟು ಕೂತ ಉಳವಪ್ಪ. ಅವರು ಕೇಳುವುದೇನೂ ಉಳಿಯಲಿಲ್ಲ. ಮೆರವಣಿಗೆಗೆಂದು ಶೃಂಗರಿಸಿದ್ದ ಬಂಡಿಯಲ್ಲೇ ಅವನನ್ನು ಗದಗಿನ ದವಾಖಾನೆಗೆ ಒಯ್ಯುವುದೆಂದು ಎತ್ತು ತರಲು ಒಬ್ಬ ಓಡಿದ.

"ಬಂಡಿ ಬರೂತನಕ ವಿಷ ಗಂಟಲದಿಂದ ಕೆಳಗ ಇಳಿಬಾರದು," ಎಂದ ದೇವಪ್ಪ. "ಪಾರ್ವತಿ ಏನ ಮಾಡಿದ್ಲು? ಶಿವನ ಗಂಟಲ ಹಿಡದಳು. ಎಲ್ಲೈದಾಳ ಇಂವನ ಹೇಣ್ತಿ?"

ಕದ ಬಡಿದರು. ಫಕ್ಕೀರವ್ವ ಬೈಯಲೆಂದೇ ಕದ ತೆಗೆದು ಹೊರಗೆ ಬಂದವಳು ಗಂಡನನ್ನು ಕಂಡು ನಿಂತಳು.

"ನಿನ್ನ ಗಂಡ ವಿಷ ಕುಡದಾನವ್ವ. ಅಕಾ ನೋಡು, ಆ ಬಟ್ಟಲದಾಗಿಂದು."

ಅವಳು ಬಟ್ಟಲನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಬಟ್ಟಲನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ದೇವಪ್ಪ ಬಿಡಲಿಲ್ಲ.

"ಮಾತಾಡೂ ಹೊತ್ತಲ್ಲವ್ವ ಇದು. ಪಂಚಮಿಯಿಂದ ಸುಮ್ನಿದ್ದಾಕಿ ಇನ್ನೊಂದ ಗಳಿಗಿ ಸುಮ್ನಿರು. ಗಂಟಲ ಹಿಡಿ ಅಂದ್ರ ಹಿಡಿ."

ಫಕ್ಕೀರವ್ವ ಮಂಡಿಯೂರಿ ಕೂತು ಎರಡೂ ಕೈಯಿಂದ ಗಂಡನ ಗಂಟಲು ಹಿಡಿದಳು. ಅವಳ ಅಂಗೈಯಲ್ಲಿ ಬೆಲ್ಲ, ಏಲಕ್ಕಿಯ ವಾಸನೆ. ಕೈಲಾಸ ಹತ್ತಿರ ಬಂತೆಂದು ಉಳವಪ್ಪ ತಿಳಿದ. ಅವಳು ಅವನ ಕಿವಿಯ ಕಡೆ ಬಾಗಿ ಇನ್ನೇನು ಹೇಳಬೇಕು, ಅಷ್ಟರಲ್ಲಿ ಅವನೇ ಶುರು ಮಾಡಿದ.

"ಕೇಳಿಲ್ಲಿ. ಇದನ್ನ ಹೊಟ್ಟ್ಯಾಗ ಇಟಗೊಂಡು ನಾ ಹೋಗಂಗಿಲ್ಲ. ಪಂಚಮಿಗೆ ನಿಮ್ಮಣ್ಣ ಬಂದಿದ್ದ."

ಗಂಟಲ ಮೇಲಿನ ಕೈ ಸಡಿಲಾಯಿತು.

"ಊರ ಅಗಸಿ ಬಾಗಲದಾಗ ಸಿಕ್ಕಿದ್ದ. ಬಂಡಿ ತಂದಿದ್ದ, ಎತ್ತಿನ ಕೊಳ್ಳಾಗ ಹೊಸಾ ಗೆಜ್ಜಿಸರ ಇತ್ತು. ಅಕಿ ಊರಾಗಿಲ್ಲ, ಮುಂಡರಗಿಗೆ ಹೋಗ್ಯಾಳ ಅಂತ ಹೇಳಿ ಅಲ್ಲಿಂದನ ತಿರುಗಿಸಿ ಕಳಿಸಿದೆ."

"ಯಾಕ?" ಎಂದಳು ಫಕ್ಕೀರವ್ವ. ಪಂಚಮಿಯಾದ ಮೇಲೆ ಗಂಡನಿಗೆ ಅವಳು ಆಡಿದ ಮೊದಲ ಮಾತು ಅದು.

"ನೀ ಹ್ವಾದ್ರ ಮನಿ ತಿನ್ನಾಕ ಬರತೈತಿ. ನೀ ನೂಲಿನ ಕಂಡಿಕಿ ಸುತ್ತೂ ಸಪ್ಪಳ ಕೇಳಲಿಲ್ಲಂದ್ರ ನನಗ ಮಗ್ಗದಾಗ ಕಾಲ ಓಡಂಗಿಲ್ಲ. ಹೋಗಬ್ಯಾಡ ಅನ್ನಾಕ ನಾಚಿಗಿ ಬಂತು. ಅದಕ್ಕ ಸುಳ್ಳ ಹೇಳಿದೆ."

ಫಕ್ಕೀರವ್ವನ ಕಣ್ಣಲ್ಲಿ ನೀರು ತುಂಬಿತು. ಕೈಯ ಹಿಡಿತವೂ ಬಿಗಿಯಾಯಿತು. ಎರಡೂ ಒಟ್ಟಿಗೇ ಆದವು. ಉಳವಪ್ಪ ಅಷ್ಟು ಹೊತ್ತು ಸಾಯುತ್ತೇನೆಂದು ತಿಳಿದಿದ್ದವನು ಈಗ ನಿಜವಾಗಿ ಉಸಿರಿಗೆ ಒದ್ದಾಡಿದ.

"ಬಿಡವಾ, ಅಷ್ಟ ಬಿಗಿ ಬ್ಯಾಡ," ಎಂದ ದೇವಪ್ಪ ಗಾಬರಿಯಿಂದ.

ಅವಳು ಕೈಬಿಟ್ಟು ಎದ್ದು ನಿಂತಳು. ಅಂಗೈ ಎರಡೂ ನೀಲಿಯಾಗಿದ್ದವು.

"ಏಳ್ರಿ. ಅದು ಹರತಾಳಲ್ಲ, ಬೆಲ್ಲದ ಪಾನಕ. ಬಿಸಲಾಗ ಕುಂತೀರಿ, ಬಾಯಿ ಒಣಗತೈತಿ ಅಂತ ನಾನ ನಿಮ್ಮ ಬಟ್ಟಲದಾಗ ಸುರದಿಟ್ಟಿದ್ದೆ."

ಯಾರೂ ನಂಬಲಿಲ್ಲ. ಅಷ್ಟರಲ್ಲಿ ಬೆಕ್ಕು ಬಂದು ಬಟ್ಟಲಿನ ತಳವನ್ನು ನೆಕ್ಕಿ ಮೀಸೆ ಒರೆಸಿಕೊಂಡಿತು. ಇಸ್ಮಾಯಿಲಸಾಬ ಕುಸಿದು ಕೂರಲು ಹಿಂದೆ ಕೈಯೂರಿದ, ಕೈಗೆ ಕರಟ ತಗುಲಿತು. ಅದರ ತುಂಬ ಹಳದಿ. ಬಟ್ಟಲಿನಲ್ಲಿ ದೊಡ್ಡ ಕುಂಚ ಆಡುವುದಿಲ್ಲವೆಂದು ಬೆಳಿಗ್ಗೆ ತಾನೇ ಸುರುವಿಕೊಂಡದ್ದನ್ನು ಅವನು ಮರೆತಿದ್ದ.

"ಹಂಗಾದ್ರ ಇಂವ ಅಮೃತನ ಕುಡದಾನ," ಎಂದು ದೇವಪ್ಪ ಮೆಲ್ಲಗೆ ಅಂಗಡಿಯ ಹಲಗೆ ತೆಗೆಯಲು ಹೋದ. ಸಿದ್ದಲಿಂಗವ್ವ ಉಳಿದ ಕರಿಬೇವನ್ನು ಸೆರಗಿಗೆ ಕಟ್ಟಿಕೊಂಡಳು. ಸಂಜೆಯ ಸಾರಿಗೆ ಆಯಿತು.

ಜನರೆಲ್ಲ ಹೋದ ಮೇಲೆ ಉಳವಪ್ಪ ಹಗ್ಗ, ಜಡೆ ತೆಗೆಯುತ್ತ ಕೇಳಿದ, "ಅಂತೂ ಮಾತಾಡಿದಿ. ಹರತಾಳ ಮುಗೀತಿಲ್ಲ?"

ಫಕ್ಕೀರವ್ವ ಬೆಕ್ಕಿನ ಕಡೆ ತಿರುಗಿದಳು. "ಬೆಳ್ಳಟ್ಟಿಗೆ ಹೇಳಿ ಕಳಸತೇನಿ, ಬಂಡಿ ಬರತೈತಿ ಅಂತ ಹೇಳು," ಎಂದಳು.

ಮೆರವಣಿಗೆಯ ದಿನ ಚಿತ್ರ ಬಹಳ ಚೆಂದ ಬಂದಿತ್ತು. ಇಸ್ಮಾಯಿಲಸಾಬ ಶಿವನ ಪಕ್ಕದಲ್ಲಿ ಪಾರ್ವತಿಯನ್ನೂ ಸೇರಿಸಿದ್ದ. ಪಾರ್ವತಿ ಗಂಟಲು ಹಿಡಿದದ್ದು ಶಿವನನ್ನು ಉಳಿಸಲಿಕ್ಕೋ ಇನ್ನೇನಕ್ಕೋ ಎಂದು ಜನ ನಿಂತು ನಿಂತು ನೋಡಿದರು. ಆ ಬಂಡಿ ಗದಗಿನ ಕಡೆ ಹೊರಟಾಗ, ಅಗಸಿಯಲ್ಲಿ ದ್ಯಾಮಪ್ಪನ ಬಂಡಿ ಬೆಳ್ಳಟ್ಟಿಯ ಕಡೆ ಮುಖ ಮಾಡಿ ನಿಂತಿತ್ತು. ಉಳವಪ್ಪ ಗಂಟು ಹೊತ್ತುಕೊಂಡು ಬಂದು ಬಂಡಿಯಲ್ಲಿಟ್ಟ. ಅವನ ಗಂಟಲಿನ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಕರಿಯಾಕ ಯಾವಾಗ ಬರಲಿ?" ಎಂದು ಕೇಳಿದ.

ಫಕ್ಕೀರವ್ವ ಈ ಸಲ ಬೆಕ್ಕನ್ನು ಹುಡುಕಲಿಲ್ಲ. ಅವನನ್ನೇ ನೋಡಿ, ಬಹಳ ದಿನದ ಮೇಲೆ ನಕ್ಕಳು.

"ಯಾವಾಗರ ಬರ್ರಿ. ನಮ್ಮೂರ ಅಗಸ್ಯಾಗ ನಮ್ಮಣ್ಣ ನಿಂತಿರತಾನು. ಅಕಿ ಊರಾಗಿಲ್ಲ, ಮುಂಡರಗಿಗೆ ಹೋಗ್ಯಾಳ ಅಂತ ಹೇಳ್ತಾನು."

ಬಂಡಿ ಹೊರಟಿತು. ಉಳವಪ್ಪ ಮನೆಗೆ ಬಂದು ನೋಡಿದರೆ ಗೋಡೆಯ ಗೂಡಿನಲ್ಲಿ ಹಿತ್ತಾಳೆ ಬಟ್ಟಲು, ಮೇಲೆ ತಾಟು ಮುಚ್ಚಿತ್ತು. ತೆಗೆದು ಎರಡು ಸಲ ಮೂಸಿ ನೋಡಿದ. ಬೆಲ್ಲ, ಏಲಕ್ಕಿ. ಕಣ್ಣು ಕೆಳಗಿಳಿಸಿಯೇ ಕುಡಿದ.

ಫಕ್ಕೀರವ್ವ ಬೆಳ್ಳಟ್ಟಿಗೆ ಹೋದದ್ದು ನವೆಂಬರ ಒಂದನೇ ತಾರೀಖು, ಗುರುವಾರ. ನಾಡು ಒಂದಾದದ್ದೂ ಅಂದೇ.