ರಾಲೆವ್ತ್ಸಿ ಗ್ರಾಮದ ಐದನೇ ಚಿಮಣಿ

ಸ್ತಾರಾ ಬೂಕಾ ಗ್ರಾಮಾಂತರ ಪುರಸಭೆ, ಬಲ್ಗೇರಿಯಾ
ಭೂಗೋಳ ಮತ್ತು ಜನಗಣತಿ ಶಾಖೆ
ಸಂಖ್ಯೆ: ಸ್ತಾಬೂ/ಭೂಜ/ಹೊಗೆ/೦೫

ಸುತ್ತೋಲೆ

ವಿಷಯ: ಜನಸಂಖ್ಯೆ ಹೆಚ್ಚಿಸುವ ಉದ್ದೇಶದಿಂದ ಪರರ ಮನೆಗಳಲ್ಲಿ ಒಲೆ ಹಚ್ಚುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: (೧) ಜನವರಿಯ ಗುಡ್ಡ ವೀಕ್ಷಣಾ ವರದಿ. (೨) ಶ್ರೀಮತಿ ಝ್ಲಾತಾ ಗೆಂಚೆವಾ, ವಯಸ್ಸು ೮೧, ಇವರ ಹೇಳಿಕೆ.

ಈ ಪುರಸಭೆಯ ವ್ಯಾಪ್ತಿಯಲ್ಲಿ ಮೂವತ್ತೆಂಟು ಗ್ರಾಮಗಳಿದ್ದು, ಹನ್ನೊಂದರ ಜನಸಂಖ್ಯೆ ಸೊನ್ನೆ ಆಗಿರುತ್ತದೆ. ಉಳಿದಂತೆ ಬೆಟ್ಟ, ಕಾಡು ಮತ್ತು ಪ್ಲಮ್ ತೋಟಗಳಿದ್ದು, ಇವು ಊರು ಬಿಡುವ ಸೂಚನೆಯನ್ನು ಈವರೆಗೆ ನೀಡಿರುವುದಿಲ್ಲ. ಚಳಿಗಾಲದಲ್ಲಿ ಹಿಮದಿಂದ ರಸ್ತೆ ಮುಚ್ಚುವುದರಿಂದ, ಗಣತಿ ಅಧಿಕಾರಿಯು ಗುಡ್ಡದ ಮೇಲೆ ನಿಂತು ಹೊಗೆಯಾಡುವ ಚಿಮಣಿಗಳನ್ನು ಎಣಿಸಿ, ಎರಡರಿಂದ ಗುಣಿಸುವ ಪದ್ಧತಿ ಜಾರಿಯಲ್ಲಿದೆ. ಅದರಂತೆ ರಾಲೆವ್ತ್ಸಿ ಗ್ರಾಮದಲ್ಲಿ ಚಿಮಣಿ ಐದು, ಜನ ಹತ್ತು ಎಂದು ದಾಖಲಾಗಿದೆ. ಐದಕ್ಕಿಂತ ಕಡಿಮೆ ಮನೆಗಳಿರುವ ಗ್ರಾಮಕ್ಕೆ ಗುರುವಾರದ ಬ್ರೆಡ್ ವ್ಯಾನ್ ನಿಲ್ಲಿಸಿ, ಭೂಪಟದಿಂದ ಅದರ ಹೆಸರು ಅಳಿಸುವುದು ನಿಯಮ.

ಮಾರ್ಚ್‌ನಲ್ಲಿ ಅಧಿಕಾರಿಯು ಖುದ್ದು ಭೇಟಿ ನೀಡಲಾಗಿ, ಬಿಸಿಯಾದ ಒಲೆಗಳು ಐದು, ಮೇಕೆ ಒಂದು ಮತ್ತು ಶ್ರೀಮತಿ ಗೆಂಚೆವಾ ಒಬ್ಬರು ಕಂಡುಬಂದಿರುತ್ತಾರೆ. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ಹೂಂ ಕಣೋ, ನಾನೇ ಹಚ್ಚಿದ್ದು. ಏನೀಗ? ಸೌದೆ ನಂದು, ಸೊಂಟ ನೋವೂ ನಂದೇ. ಮೂರು ಮನೆಯವರು ಬೀಗದ ಕೈ ನನ್ನ ಹತ್ರ ಕೊಟ್ಟು ಹೋಗಿದಾರೆ. ಐದನೇ ಮನೆಗೆ ಮಾತ್ರ ಈ ವಯಸ್ಸಲ್ಲಿ ಕಿಟಕಿ ಹತ್ತಿ ಇಳೀತೀನಿ. ಅದರ ಬೀಗದ ಕೈ ಯಾರ ಜೇಬಲ್ಲಿದೆ ಅಂತ ನಿನಗೇ ಚೆನ್ನಾಗಿ ಗೊತ್ತು. ಊರೇ ಇಲ್ಲ ಅಂತ ನೀನು ಬರ್ಕೊಂಡು ಹೋದ್ರೆ, ನಾಳೆ ನನ್ನನ್ನ ಯಾವೂರಲ್ಲಿ ಹೂಳ್ತೀಯೋ?”

ಆದುದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

೧. ಯಾವುದೇ ನಿವಾಸಿಯು ಏಕಕಾಲಕ್ಕೆ ಐದು ಮನೆಗಳಲ್ಲಿ ಚಳಿ ಕಾಯಿಸತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ಪ್ರತಿ ಮನೆಯ ಪರವಾಗಿ ಪ್ರತ್ಯೇಕ ಅರ್ಜಿ ಸಲ್ಲಿಸಿ, ತಮ್ಮಿಂದ ತಮಗೇ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ಲಗತ್ತಿಸತಕ್ಕದ್ದು.

೨. ತೀರಿಕೊಂಡವರ ನೆನಪಿಗಾಗಿ ಅವರವರ ಮನೆ ಬಾಗಿಲುಗಳಿಗೆ ಅಂಟಿಸಿರುವ ಮರಣದ ಚೀಟಿಗಳಲ್ಲಿನ ಭಾವಚಿತ್ರಗಳನ್ನು ನಿವಾಸಿಗಳೆಂದು ಪರಿಗಣಿಸಲಾಗುವುದಿಲ್ಲ. ಶ್ರೀಮತಿಯವರು ಅವುಗಳಿಗೆ ದಿನವೂ ಬೆಳಗ್ಗೆ “ಏಳ್ರೋ, ಹೊತ್ತಾಯ್ತು” ಎನ್ನುತ್ತಿರುವುದು ವಾಸ್ತವ್ಯಕ್ಕೆ ಪುರಾವೆಯಾಗದು.

೩. ವಸಂತದಲ್ಲಿ ಬಂದು ಆಗಸ್ಟ್‌ನಲ್ಲಿ ಹೊರಡುವ ಕೊಕ್ಕರೆಗಳನ್ನು ಗಣತಿಗೆ ಸೇರಿಸತಕ್ಕದ್ದಲ್ಲ. ಆಗಸ್ಟ್‌ನಲ್ಲಿ ಬಂದು ಆಗಸ್ಟ್‌ನಲ್ಲೇ ಹೊರಡುವ ಮೊಮ್ಮಕ್ಕಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಹಾಜರಾತಿಯಲ್ಲಿ ಕೊಕ್ಕರೆಗಳೇ ಮೇಲು ಎಂಬುದನ್ನು ಗಮನಿಸಲಾಗಿದೆ.

೪. ಗಣತಿ ನಮೂನೆಯಲ್ಲಿ ಮೂರನೇ ಮನೆಯ ಯಜಮಾನರ ಸ್ಥಾನದಲ್ಲಿ ಶ್ರೀಮತಿಯವರು ಮೇಕೆಯ ಹೆಸರನ್ನು ನಮೂದಿಸಿರುವುದನ್ನು ರದ್ದುಪಡಿಸಲಾಗಿದೆ. ಬಾಧಿತ ಮೇಕೆಯು ಏಳು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

೫. ಹತ್ತೊಂಬತ್ತು ವರ್ಷಗಳಿಂದ ಮುಚ್ಚಿರುವ ಐದನೇ ಮನೆಯು ಕೆಳಗೆ ಸಹಿ ಮಾಡಿರುವವರ ದಿವಂಗತ ತಾಯಿಯವರದಾಗಿರುತ್ತದೆ. ಜನವರಿಯಲ್ಲಿ ಅದರ ಚಿಮಣಿಯಿಂದ ಹೊಗೆ ಏಳುವುದನ್ನು ಗುಡ್ಡದಿಂದ ಕಂಡು, ಸದರಿ ಅಧಿಕಾರಿಯು ಕರ್ತವ್ಯ ಬಿಟ್ಟು ಹನ್ನೊಂದು ನಿಮಿಷ ಸುಮ್ಮನೆ ನಿಂತಿದ್ದು ವರದಿಯಾಗಿದೆ. ಕಣ್ಣಿಗೆ ಹೊಗೆ ತಾಗಿತೆಂಬ ಅವರ ಸಮಜಾಯಿಷಿಯನ್ನು, ಚಿಮಣಿಯು ಮೂರು ಕಿಲೋಮೀಟರ್ ದೂರವಿದ್ದ ಕಾರಣ ತಿರಸ್ಕರಿಸಲಾಗಿದೆ. ಹನ್ನೊಂದು ನಿಮಿಷಗಳನ್ನು ರಜೆಯಲ್ಲಿ ಕಡಿತಗೊಳಿಸತಕ್ಕದ್ದು.

೬. ಈ ಆದೇಶವು ಗ್ರಾಮದ ರಸ್ತೆ ಒಣಗಿದೆಯೆಂದು ರಸ್ತೆ ಪರಿವೀಕ್ಷಕರು ದೃಢೀಕರಿಸಿದ ದಿನದಿಂದ ಜಾರಿಗೆ ಬರುತ್ತದೆ. ಸದರಿ ಹುದ್ದೆ ಹದಿನಾಲ್ಕು ವರ್ಷಗಳಿಂದ ಖಾಲಿ ಇದ್ದು, ಭರ್ತಿ ಮಾಡುವ ಪ್ರಸ್ತಾವನೆ ಇರುವುದಿಲ್ಲ. ಅಲ್ಲಿಯವರೆಗೆ ಜನವರಿಯ ವರದಿಯೇ ಅಂತಿಮ: ಮನೆ ಐದು, ಜನ ಹತ್ತು.

(ಸಹಿ)
ಪೆಂಚೊ ರಾಲೆವ್
ಗಣತಿ ಅಧಿಕಾರಿ

ಪ್ರತಿಗಳು:
೧. ಬ್ರೆಡ್ ವ್ಯಾನ್ ಚಾಲಕರಿಗೆ: ಗುರುವಾರ ತಪ್ಪದೆ ಹತ್ತು ಜನರ ಬ್ರೆಡ್ ಒಯ್ಯಲು. ಮಿಕ್ಕಿದ್ದು ಮೇಕೆಗೆ.
೨. ಭೂಪಟ ಶಾಖೆಗೆ: ಕೈಯಲ್ಲಿರುವ ರಬ್ಬರನ್ನು ಕೆಳಗಿಡಲು.
೩. ಜನಸಂಖ್ಯೆ ಸೊನ್ನೆಯಾಗಿರುವ ಹನ್ನೊಂದು ಗ್ರಾಮಗಳ ಸಮಸ್ತ ನಿವಾಸಿಗಳಿಗೆ: ಮಾಹಿತಿಗಾಗಿ.
೪. ಶ್ರೀಮತಿ ಝ್ಲಾತಾ ಗೆಂಚೆವಾ ಅವರಿಗೆ: ಕಟ್ಟುನಿಟ್ಟಿನ ಪಾಲನೆಗಾಗಿ. ಲಗತ್ತು: ಐದನೇ ಮನೆಯ ಬೀಗದ ಕೈ, ಒಂದು.