ಅಂಗಳ ತೊಳೆಯಲು ಹೋಗಿ ಬರೆದದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಬರೆಯುವುದಂತೂ ಇದೇ ಮೊದಲು. ದಾಂಡೇಲಿಯಲ್ಲಿ ಕಾರು ತೊಳೆಯುತ್ತಿದ್ದವನು ಅದೇ ಪ್ರೆಶರ್ ಮಷೀನಿನಿಂದ ಜನರ ಕಾಂಕ್ರೀಟ್ ಅಂಗಳವನ್ನೂ ತೊಳೆಯತೊಡಗಿದೆ. ಅಂದಿನಿಂದ ತಲೆ ತಗ್ಗಿಸುವ ಪ್ರಸಂಗಗಳು ತಪ್ಪಿಲ್ಲ. ಒಂದು ವಿಷಯ ಗೊತ್ತಿರಲಿ: ಪೈಪಿನ ಮೂತಿ ನೆಲಕ್ಕೆ ಹತ್ತಿರ ಹೋದಲ್ಲಿ ಬೆಳ್ಳಗಾಗುತ್ತದೆ, ದೂರ ಸರಿದಲ್ಲಿ ಕಪ್ಪು ಉಳಿಯುತ್ತದೆ. ನನ್ನ ಕಷ್ಟವೆಲ್ಲ ಇಷ್ಟೇ.

೧

ಕುಳಗಿ ರಸ್ತೆಯ ಒಂದು ಹೋಮ್‌ಸ್ಟೇ. ಗೇಟಿನಿಂದ ಮನೆಯವರೆಗೆ ಪಾಚಿಗಟ್ಟಿದ ಕಾಂಕ್ರೀಟು. ನಾನು ಪೈಪನ್ನು ಕಸಬರಿಗೆಯಂತೆ ಬೀಸಿದೆ. ಬೀಸಿದರೆ ಮೂತಿ ಒಮ್ಮೆ ಹತ್ತಿರ, ಒಮ್ಮೆ ದೂರ ಆಗುತ್ತದೆ. ಅದನ್ನು ಆಗಲೇ ಹೇಳಿದೆನಲ್ಲ. ಹಸಿಯಿದ್ದಾಗ ಎಲ್ಲ ಒಂದೇ ಬಣ್ಣ ಕಂಡಿತು. ಒಣಗಿದ ಮೇಲೆ ಉದ್ದಕ್ಕೂ ಪಟ್ಟೆ ಪಟ್ಟೆ. ಬೈಗುಳಕ್ಕೆ ಕಾದು ನಿಂತೆ. ಮಾಲೀಕರು ಸೊಂಟದ ಮೇಲೆ ಕೈಯಿಟ್ಟು ನೋಡಿ ತಣ್ಣಗೆ ಹೇಳಿದರು: "ಮೂರು ದಿನ ಜೀಪಿನ್ಯಾಗ ಅಡ್ಡಾಡಿದ್ರೂ ನಮ್ಮ ಗೆಸ್ಟಿಗೆ ಹುಲಿ ಕಂಡಿದ್ದಿಲ್ಲ. ನೀ ಗೇಟಿನ್ಯಾಗ ಮಲಗಿಸಿದಿ ನೋಡಪಾ."

೨

ಜೋಯಿಡಾದಲ್ಲಿ ಅಣ್ಣ ತಮ್ಮ ಇಬ್ಬರದೂ ಒಂದೇ ಅಂಗಳ. ಅಷ್ಟರಲ್ಲಿ ಬೀಸಬಾರದೆಂದು ಕಲಿತಿದ್ದೆ. ಮೂತಿಯನ್ನು ಒಂದು ಗೇಣು ಎತ್ತರ ಹಿಡಿದು, ಗೆರೆ ಎಳೆದಂತೆ ನೇರ ತೊಳೆದೆ. ಬಹಳ ಚೆನ್ನಾಗಿ ಬಂತು. ಆದರೆ ಸರಿಯಾಗಿ ಅರ್ಧಕ್ಕೆ ಟಾಕಿಯ ನೀರು ಮುಗಿಯಿತು. ನಾಳೆ ಬರುತ್ತೇನೆಂದು ಅಣ್ಣನಿಗೆ ಹೇಳಿ ಹೋದೆ. ಸಂಜೆ ಊರಿಂದ ಬಂದ ತಮ್ಮ ನೋಡಿದ್ದು ಅರ್ಧ ಬಿಳಿ, ಅರ್ಧ ಕಪ್ಪು, ನಡುವೆ ಹಗ್ಗ ಹಿಡಿದಂಥ ಗೆರೆ. ಅಣ್ಣನ ಜೊತೆ ಮಾತು ಬಿಟ್ಟ. ಮರುದಿನ ನಾನು ಮಷೀನು ಇಳಿಸುವ ಮೊದಲೇ, ನನ್ನನ್ನು ಸರ್ವೇಯರ್ ಕಡೆಯವನೆಂದು ತಿಳಿದು ಕೇಳಿದ: "ಪಾಲು ಮಾಡೂದು ಮಾಡಿದ್ರಿ, ಹೊಲಸ ಭಾಗ ನನಗ ಯಾಕ ಹಚ್ಚಿದ್ರಿ?"

೩

ಇದನ್ನು ಹೇಳಲು ನಿಜಕ್ಕೂ ನಾಚಿಕೆ. ಹಳಿಯಾಳದಲ್ಲಿ ನನಗೆ ಕನ್ನಡ ಕಲಿಸಿದ ಸರ್ ಮನೆ. ಭಾನುವಾರ ಅವರ ಮಗಳನ್ನು ನೋಡಲು ಮುಂಡಗೋಡದಿಂದ ಗಂಡಿನವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ಬಂದು ತಪ್ಪಿದ್ದವು. ಈ ಸಲ ಒಂದು ಕೊರತೆಯೂ ಕಾಣಬಾರದು ಎಂದಿದ್ದರು ಸರ್.

ಬೆಳಿಗ್ಗೆಯೇ ಹೋಗಿ ಅಂಗಳವನ್ನು ಸಮವಾಗಿ ತೊಳೆದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಗೇಟಿನ ಮುಂದಿನ ಇಳಿಜಾರನ್ನು ಕಪ್ಪಗೇ ಬಿಟ್ಟು, ಮೂತಿ ಹತ್ತಿರ ಹಿಡಿದು, ದೊಡ್ಡ ಬಿಳಿ ಅಕ್ಷರಗಳಲ್ಲಿ 'ಸ್ವಾಗತ' ಎಂದು ಬರೆದೆ. ಹಾಗೆಂದುಕೊಂಡಿದ್ದೆ. ಸರ್ ಒಳಗೆ ಗಡಿಬಿಡಿಯಲ್ಲಿದ್ದರು, ನೋಡಲಿಲ್ಲ. ಕಾರಿನಿಂದಿಳಿದ ಗಂಡಿನ ತಂದೆ ಗಟ್ಟಿಯಾಗಿ ಓದಿದರು: "ಸ್ವಗತ."

ದೀರ್ಘ ಬಿಟ್ಟುಹೋಗಿತ್ತು. ಸ್ವಗತ ಎಂದರೆ ನಾಟಕದ ಪಾತ್ರ ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು. ಅದನ್ನೂ ಸರ್ ಅವರೇ ಕಲಿಸಿದ್ದರು. ಕನ್ನಡ ಮಾಸ್ತರರ ಮನೆಯ ಮುಂದೆ ಇಂಥ ತಪ್ಪು. ಸರ್ ಮುಖ ಕೆಂಪಾಯಿತು. ನಾನು ಮಷೀನಿನ ಹಿಂದೆ ಕುಳಿತುಬಿಟ್ಟೆ. ಈ ಸಂಬಂಧವೂ ನನ್ನಿಂದಲೇ ಹೋಯಿತು ಅಂದುಕೊಂಡೆ.

ಬಾಗಿಲಲ್ಲಿದ್ದ ಮಗಳೇ ಹೇಳಿದಳು: "ಒಳಗ ಬರ್ರಿ. ಅದು ಅಪ್ಪನ ವಿದ್ಯಾರ್ಥಿ ತನ್ನಷ್ಟಕ್ಕ ಮಾತಾಡಿದ್ದು."

ಹುಡುಗ ನಕ್ಕದ್ದು ಓಣಿಗೆಲ್ಲ ಕೇಳಿಸಿತು. ಸಂಬಂಧ ಕೂಡಿತು.

ಆ ಅಕ್ಷರ ಅಳಿಸಲು ಇವತ್ತು ಮತ್ತೆ ಬಂದಿದ್ದೇನೆ. ಪಾಚಿ ನೆನೆಯುವವರೆಗೆ ಸರ್ ಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಳಿಸುವುದು ಹೇಗೆಂದರೆ, ಅಕ್ಷರದ ಮೇಲೆ ನೀರು ಬಿಟ್ಟರೆ ಅದು ಇನ್ನೂ ಬೆಳ್ಳಗಾಗುತ್ತದೆ. ಆದ್ದರಿಂದ ಅಕ್ಷರ ಬಿಟ್ಟು ಸುತ್ತಲಿನ ಕಪ್ಪನ್ನು, ಹಿಂದಿನ ಗೆರೆಯ ಅರ್ಧದ ಮೇಲೆ ಮುಂದಿನ ಗೆರೆ ಬರುವಂತೆ, ಒಂದೇ ಎತ್ತರದಿಂದ... ತಡೆಯಿರಿ, ಸರ್ ಫೋನ್ ಹಿಡಿದು ಕರೆಯುತ್ತಿದ್ದಾರೆ.

"ಬಾರಪಾ ಇಲ್ಲೆ. ಬೀಗರ ಅಂಗಳಾನೂ ತೊಳೀಬೇಕಂತ. ನೀ ಬರೇ ತೊಳಿ. ಬರಿಯಾಕ ನಾ ಬರ್ತೇನಿ."