ಉಮಾನ ಕಾರಿಗೆ ಉಡಿ ತುಂಬಿದ್ದು

ಕಾನ್ವೆಂಟ್‌ನ್ಯಾಗ ಕಲಿತಾಕಿ ಆದ್ರೂ ಶಾಸ್ತ್ರದ ವಿಷಯದಾಗ ನಾ ಪರ್ಫೆಕ್ಟ್ ಅಂತ ನನಗ ಭಾಳ ಕಾನ್ಫಿಡೆನ್ಸ್ ಇತ್ತು.

ನನ್ನ ತಮ್ಮನ ಮಗಳು ಉಮಾ ಹುಬ್ಬಳ್ಳಿಯೊಳಗ ಹಲ್ಲಿನ ಡಾಕ್ಟರ್. ತಮ್ಮ ತೀರಿಕೊಂಡ ಮ್ಯಾಲೆ ಆಕಿಗೆ ತವರಮನಿ ಅಂದ್ರ ಬಾಗಲಕೋಟಿಯ ನಮ್ಮ ಮನಿನ. ಮೊನ್ನೆ ತನ್ನ ಹೊಸ ಸ್ಪೋರ್ಟ್ಸ್ ಕಾರ್ ತೋರಿಸಾಕ ಬಂದಿದ್ಲು. ಲಿಮಿಟೆಡ್ ಎಡಿಶನ್! ಅದಕ್ಕಂತ ಎರಡು ವರ್ಷ ಕಾದಿದ್ಲು, ರೇಸ್ ಟ್ರ್ಯಾಕಿನ್ಯಾಗ ಓಡಿಸಾಕ ಮರುದಿನಕ್ಕ ಪಾಳಿ ಸಿಕ್ಕಿತ್ತು.

ಹಗುರ ಇರಲಿ ಅಂತ ಆ ಕಾರಿಗೆ ಏಸಿ ಇಲ್ಲ, ರೇಡಿಯೊ ಇಲ್ಲ, ಮ್ಯಾಲೆ ಛಾವಣಿನೂ ಇಲ್ಲ! ನಮ್ಮ ಯಜಮಾನ್ರು ಒಂದು ಸುತ್ತ ಹಾಕಿ ನೋಡಿ, "ಎಲ್ಲಾ ಬಿಟ್ಟೈತಲ್ಲ ಉಮಾ, ಇದಕ್ಕ ದೀಕ್ಷಾ ಯಾರು ಕೊಟ್ರು?" ಅಂದ್ರು.

ನನಗ ಪಾಪ ಅನಿಸ್ತು. ತವರಿಗೆ ಬಂದ ಹೆಣ್ಣುಮಗಳನ್ನ ಬರಿಗೈಲೆ ಕಳಸ್ತೇವೇನು? ಉಮಾಗ ಉಡಿ ತುಂಬಿದೆ. ಆಕಿ ಚಹಾ ಕುಡಿಯೂದ್ರೊಳಗ ಕಾರಿಗೂ ತುಂಬೂಣು ಅಂತ ಹೊರಗ ಬಂದೆ. ಸೀಟಿನ ಹಿಂದ, ಸೆರಗು ಒಡ್ಡಿದಂಗ, ಒಂದು ಬಾಯಿ ತೆರಕೊಂಡಿತ್ತು. ಹೌ ಕನ್ವೀನಿಯಂಟ್! ಐದು ಮುಷ್ಟಿ ಅಕ್ಕಿ, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಒಂದು ಬಟ್ಟಲ ಕೊಬ್ಬರಿ, ಎಲ್ಲಾ ಸೆರಗಿನಿಂದ ಅದರೊಳಗ ಸುರುವಿದೆ.

ಹೊರಗ ಬಂದ ಉಮಾನ ಮುಖ ಬಿಳಚಿಕೊಂಡ್ತು. "ಅತ್ತಿ! ಅದು ಎಂಜಿನ್ ಉಸಿರಾಡೋ ಜಾಗಾರಿ!"

"ಡೋಂಟ್ ವರಿ" ಅಂತ ನಾ ಕೈ ಹಾಕಿದೆ. ಕೈ ಹೋತು. ಬರಲಿಲ್ಲ!

"ಮುಷ್ಟಿ ಬಿಡ ಮಾರಾಯ್ತಿ," ಅಂದ್ರು ಯಜಮಾನ್ರು. "ಕೊಬ್ಬರಿ ಹಿಡಕೊಂಡ್ರ ಕೈ ಹೆಂಗ ಬರತೈತಿ?"

ಬಿಟ್ಟೆ. ಕೈ ಬಂತು. ಕೊಬ್ಬರಿ ಇನ್ನಷ್ಟು ಒಳಗ ಹೋತು!

ಉಮಾ ಹಿಂದಿನ ಮುಚ್ಚಳ ಬಿಚ್ಚಿ ಒಂದೊಂದ ತಗಿಲಿಕ್ಕೆ ಕೂತಳು. ನಾ ಆಪರೇಷನ್ ಥಿಯೇಟರಿನ ನರ್ಸ್‌ಗತೆ ಪರಾತ ಹಿಡಕೊಂಡು ನಿಂತೆ. ಅಕ್ಕಿ ವ್ಯಾಕ್ಯೂಮ್ ಕ್ಲೀನರಿಗೆ ಹೋತು. ಕೊಬ್ಬರಿ ಬಂತು, ಉತ್ತತ್ತಿ ಐದೂ ಬಂದವು. ಅರಿಷಿಣ ಕೊಂಬು ನಾಲ್ಕ!

"ಐದನೇದು ಎಂಜಿನ್ನಿಗೆ ಹೋಗಿದ್ರ ನಾಳೆ ನಾ ಟ್ರ್ಯಾಕಿಗೆ ಹೋಗೂದು ಮುಗೀತು, ಅತ್ತಿ." ಆಕಿ ದನಿ ಸಣ್ಣಗಾಗಿತ್ತು.

ಅರ್ಧಾ ತಾಸು ಮೂವರೂ ಹುಡುಕಿದಿವಿ. ನನಗ ಅಳುನ ಬಂತು. ಕಣ್ಣು ಒರಸ್ಕೊಳ್ಳಾಕ ಸೆರಗು ಎಳದೆ. ಅದರ ಮಡಿಕಿಯಿಂದ ಕೊಂಬು ಟಪ್ ಅಂತ ಬಿತ್ತು!

ಕಾರ್ ಸ್ಟಾರ್ಟ್ ಆತು. ಥ್ಯಾಂಕ್ ಗಾಡ್! ಅಂಥಾ ಕರ್ಕಶ ಸಪ್ಪಳ ನನಗ ಎಂದೂ ಅಷ್ಟು ಇಂಪಾಗಿ ಕೇಳಿರಲಿಲ್ಲ. ಕುಂಕುಮರೇ ಹಚ್ಚೂಣು ಅಂತ ಒಂದು ಹೆಜ್ಜಿ ಮುಂದಿಟ್ಟೆ.

"ಅತ್ತಿ, ಅಲ್ಲೇ ನಿಂತು ಟಾಟಾ ಮಾಡ್ರಿ. ಎರಡೂ ಕೈಲೆ!"

ಮಾಡಿದೆ. ಖಾಲಿ ಅದಾವು ಅಂತ ಆಕಿಗೆ ಕಾಣಲಿ ಅಂತ ಅಂಗೈ ತಿರುವಿ ತಿರುವಿ ತೋರಿಸಿದೆ!